ಚುರುಟಿನ ಪೆಟ್ಟಿಗೆಗೆ ಯಾವ ಶ್ರುತಿ

ಆ ದೊಡ್ಡ ಲಾಂಡ್ರಿಯ ಹಿಂಭಾಗದಲ್ಲಿ, ಬಾಯ್ಲರಿನ ಪಕ್ಕದ ಕಿರುಕೋಣೆಯಲ್ಲಿ, ಕಲೆ ತೆಗೆಯುವ ಮೇಜಿನ ಮುಂದೆ ನಿಂತಿರುತ್ತಿದ್ದ ಹೆಂಗಸನ್ನು ಎದುರಿಗೆ ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ಅವಳು ಹೇಸಿಗೆ ಚಿಕ್ಕಮ್ಮ. ಈ ಹೆಸರು ಅವಳ ಕಿವಿಗೂ ಬಿದ್ದಿತ್ತು. ಅದರ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. ಹೇಸಿಗೆಯಾದುದನ್ನು ಹೇಸಿಗೆ ಎನ್ನದೆ ಇನ್ನೇನು ಪರಿಮಳ ಎನ್ನಬೇಕೇ ಎಂಬುದು ಅವಳ ವಾದ.

ಅವಳ ಕೆಲಸವೂ ಅಂಥದೇ. ಜನ ಮೈಮೇಲೆ ಚೆಲ್ಲಿಕೊಂಡದ್ದು, ಒರೆಸಿಕೊಂಡದ್ದು, ಬೆವರಿನಲ್ಲಿ ನೆನೆಸಿ ಒಣಗಿಸಿ ಮತ್ತೆ ನೆನೆಸಿದ್ದು ಎಲ್ಲವೂ ಗಂಟುಗಂಟಾಗಿ ಅವಳ ಮೇಜಿಗೆ ಬಂದು ಬೀಳುತ್ತಿತ್ತು. ಅಂಗಿಯೊಂದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, ಮೂಗು ಮುರಿದು, "ಇವನು ಊಟ ಮಾಡಿದ್ದೋ ಊಟದಲ್ಲಿ ಹೊರಳಾಡಿದ್ದೋ" ಎನ್ನುತ್ತಿದ್ದಳು. ಮೂಸಿ ನೋಡಿದರೆ ಸಾಕು, ಎಣ್ಣೆಯ ಕಲೆ ಯಾವುದು, ಮೊಟ್ಟೆಯದು ಯಾವುದು, ಔಷಧದ್ದು ಯಾವುದು ಎಂದು ಹೇಳಿಬಿಡುವಳು. ಇಂಥ ಮೂಗು ಇರುವವರಿಗೆ ಲೋಕದಲ್ಲಿ ಸುಖವಿಲ್ಲ. ಬಸ್ಸು ಹತ್ತಿದರೆ ಪಕ್ಕದವರ ತಲೆಯೆಣ್ಣೆ, ಅಂಗಡಿಗೆ ಹೋದರೆ ಒದ್ದೆ ಗೋಣಿಚೀಲ, ಮನೆಗೆ ಬಂದರೆ ಅಣ್ಣ.

ಅಣ್ಣನೆಂದರೆ ಅವಳ ಒಡಹುಟ್ಟಿದ ಅಣ್ಣ. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕಸುಬು. ಮುಂಜಾವಿನ ಲಾರಿಗಳು ಬಂದು ನಿಂತೊಡನೆ ಬುಟ್ಟಿಗಳ ನಡುವೆ ಒಂದು ಡಬ್ಬದ ಮೇಲೆ ಹತ್ತಿ ನಿಂತು ಬಾಯಿ ತೆರೆದನೆಂದರೆ ಆ ಕಡೆಯ ಈರುಳ್ಳಿ ಸಾಲಿನವರೂ ತಿರುಗಿ ನೋಡುತ್ತಿದ್ದರು. ಮಾರುಕಟ್ಟೆಯಲ್ಲಿ ಅವನ ಹೆಸರು ಮೈಕಣ್ಣ. ಮದುವೆ ಮಾಡಿಕೊಂಡವನಲ್ಲ. ತಂಗಿಯ ಗಂಡ ತೀರಿಕೊಂಡ ವರ್ಷ ತನ್ನ ಟ್ರಂಕು ಹೊತ್ತು ಬಂದು, "ನಿನಗೂ ಒಬ್ಬರು ದಿಕ್ಕು ಅಂತ ಬೇಡವಾ" ಎಂದು ಮುಂದಿನ ಕೋಣೆಯಲ್ಲಿ ಮಂಚ ಹಾಕಿಕೊಂಡ. ಅಂದಿನಿಂದ ಆ ಕೋಣೆ ಕೋಣೆಯಾಗಿ ಉಳಿಯಲಿಲ್ಲ. ಅವನ ಬಾಯಲ್ಲಿ ಹಗಲಿಡೀ ಚುರುಟು. ಪರದೆಯಲ್ಲಿ ಚುರುಟಿನ ವಾಸನೆ, ದಿಂಬಿನಲ್ಲಿ ಚುರುಟಿನ ವಾಸನೆ, ಅಕ್ಕಿಯ ಡಬ್ಬದಲ್ಲೂ ಅದೇ. "ದಿಕ್ಕು ಬರತ್ತೆ ಅಂದ್ಕೊಂಡೆ, ಹೊಗೆಗೂಡು ಬಂತು" ಎಂದು ಚಿಕ್ಕಮ್ಮ ಲಾಂಡ್ರಿಯಲ್ಲಿ ಹೇಳಿಕೊಂಡು ತಿರುಗಿದಳು.

ಹೊಗೆಗಿಂತಲೂ ಅವಳಿಗೆ ಅಸಹ್ಯವಾಗಿದ್ದುದು ಅವನ ಕೂಗು. ಮಾರುಕಟ್ಟೆಯದನ್ನು ಅವನು ಮಾರುಕಟ್ಟೆಯಲ್ಲೇ ಬಿಟ್ಟು ಬರುತ್ತಿರಲಿಲ್ಲ. ತಟ್ಟೆಯಲ್ಲಿ ಒಂದೇ ಒಂದು ತುಂಡು ಉಳಿದಿದ್ದರೆ ಅದರ ಮೇಲೆ ಬೆರಳು ಚಾಚಿ, "ಒಂದನೇ ಸಾರಿ" ಎಂದು ಶುರುಮಾಡುವನು. ಅವಳು ಬಾಯಿ ಬಿಡುವಷ್ಟರಲ್ಲಿ "ಎರಡನೇ ಸಾರಿ". ಅವಳು ಕೈ ಚಾಚುವಷ್ಟರಲ್ಲಿ "ಮೂರನೇ ಸಾರಿ". ಆ ಹೊತ್ತಿಗೆ ತುಂಡು ಅವನ ಬಾಯಲ್ಲಿ. ಬಚ್ಚಲಿಗೆ ಮೊದಲು ಹೋಗುವವರಾರು, ಪತ್ರಿಕೆ ಮೊದಲು ಓದುವವರಾರು ಎಲ್ಲವೂ ಹೀಗೆಯೇ ತೀರ್ಮಾನವಾಗುತ್ತಿತ್ತು. ಅವಳು ಉರಿದುಬೀಳುವಳು, ಅವನು ಕೆರಳಿಸುವನು. ಬೆಳಗಾದರೆ ಜಗಳ, ಸಂಜೆಯಾದರೆ ಜಗಳ. ಕೆಳಗಿನ ಬೀಗದ ಕೈ ಮಾಡುವವನು ಈ ಮನೆಯ ಜಗಳ ಕೇಳಿಯೇ ಅಂಗಡಿಯ ಬಾಗಿಲು ತೆರೆಯುತ್ತಿದ್ದನಂತೆ.

ಆಮೇಲೆ ಅವನ ಗಂಟಲಿಗೆ ಹುಣ್ಣಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕೊರಳಿನ ಬುಡದಲ್ಲಿ ಉಸಿರಾಡಲು ಒಂದು ತೂತು, ಆ ತೂತಿಗೊಂದು ಪುಟ್ಟ ಕೊಳವೆ. ಮನುಷ್ಯ ಬದುಕಿದ, ದನಿ ಹೋಯಿತು.

ಕೊಳವೆಯನ್ನು ಬೆಳಿಗ್ಗೆ ಸಂಜೆ ತೆಗೆದು ತೊಳೆಯಬೇಕಿತ್ತು. ಅವನಿಗೆ ಬರುತ್ತಿರಲಿಲ್ಲವೆಂದಲ್ಲ, ಅವನು ತೊಳೆದದ್ದು ಇವಳಿಗೆ ಹಿಡಿಸುತ್ತಿರಲಿಲ್ಲ. "ಇದನ್ನ ತೊಳೆದಿದ್ದು ಅಂತಾರಾ? ಕೊಡು ಇಲ್ಲಿ" ಎಂದು ಕಸಿದುಕೊಂಡು, ಮುಖವನ್ನು ಅತ್ತ ತಿರುಗಿಸಿ, ಕಿರು ಬ್ರಷ್ಷಿನಿಂದ ಒಳಗೆಲ್ಲ ಉಜ್ಜುತ್ತಿದ್ದಳು. ಅಂಟಂಟಾದ ಹಳದಿ ಕಫ ನೀರಿನಲ್ಲಿ ಎಳೆಯಾಗಿ ಬಿಡುವಾಗ "ಥೂ, ಹೇಸಿಗೆ" ಎನ್ನುವಳು. ಹಿಂದಾಗಿದ್ದರೆ ಇಂಥ ಮಾತಿಗೆ ಅವನು ಸುಮ್ಮನಿರುವವನೇ? ಈಗ ತಲೆಯಾಡಿಸಿ ಗೋಡೆಯತ್ತ ತಿರುಗಿಬಿಡುತ್ತಿದ್ದ.

ಇದು ಅವಳಿಗೆ ಸಹಿಸಲಾಗದ್ದು. ಬಯ್ದರೆ ಬೈಗುಳ ಬರಬೇಕು. ಆಸ್ಪತ್ರೆಯವರು ಗಲ್ಲದ ಕೆಳಗೆ ಒತ್ತಿ ಹಿಡಿಯುವ ಒಂದು ಯಂತ್ರ ಕೊಟ್ಟಿದ್ದರು. ತುಟಿ ಆಡಿಸಿದರೆ ಅದು ಗುಂಯ್ ಎಂದು ಮಾತಾಡುತ್ತಿತ್ತು. ಅಣ್ಣ ಅದರಲ್ಲಿ ಒಂದೇ ಮಾತು ಆಡಿದ. "ಊಟ" ಎಂದ. ಮಿಕ್ಸಿಗೆ ಮಾತು ಬಂದ ಹಾಗಿತ್ತು. ಏರಿಲ್ಲ, ಇಳಿವಿಲ್ಲ, ಒಂದೇ ಸಮನೆ ಗುಂಯ್. ಅಣ್ಣ ತಂಗಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಅವನು ಅದನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದ. ಅಂದಿನಿಂದ ಅವನು ಬೀದಿಗಿಳಿಯಲಿಲ್ಲ. ಹಸಿವಾದರೂ ಕೇಳುತ್ತಿರಲಿಲ್ಲ. ಹೀಗೆ ಗೋಡೆ ನೋಡುತ್ತ ನೋಡುತ್ತಲೇ ಇವನು ಒಂದು ದಿನ ಮುಗಿದುಹೋಗುತ್ತಾನೆ ಎಂಬ ಅಂಜಿಕೆ ಅವಳನ್ನು ಹಿಡಿದುಕೊಂಡಿತು.

ಆದ್ದರಿಂದಲೇ, ಒಂದು ಸಂಜೆ ಲಾಂಡ್ರಿಯಿಂದ ಬಂದಾಗ ಅಣ್ಣ ನೆಲದ ಮೇಲೆ ಕುಳಿತು ಏನನ್ನೋ ಕೊರೆಯುತ್ತಿರುವುದನ್ನು ಕಂಡು, ನೆಲದ ತುಂಬ ಮರದ ಹೊಟ್ಟು ಹರಡಿದ್ದರೂ ಅವಳು ಬಾಯಿ ತೆರೆಯಲಿಲ್ಲ. ಹತ್ತಿರ ಹೋಗಿ ನೋಡಿದ ಮೇಲೆ ಮಾತ್ರ ತಡೆಯಲಾಗಲಿಲ್ಲ.

ಅವನ ತೊಡೆಯ ಮೇಲಿದ್ದದ್ದು ಚುರುಟಿನ ಪೆಟ್ಟಿಗೆ. ತೆಳು ಹಲಗೆಯದು, ಒಳಗೆಲ್ಲ ಕಂದು ಪುಡಿ ಮೆತ್ತಿದ್ದು. ಮಾರುಕಟ್ಟೆಯ ವರ್ತಕನೊಬ್ಬ ಅವನಿಗೆ ಕೊಟ್ಟ ಕೊನೆಯ ಪೆಟ್ಟಿಗೆಯಂತೆ. ಮುರಿದ ಮಂಚದ ಪಟ್ಟಿಯೊಂದನ್ನು ಅದರೊಳಕ್ಕೆ ತೂರಿಸಿ ಕತ್ತು ಮಾಡಿದ್ದ. ಮುಚ್ಚಳದಲ್ಲಿ ತೂತು ಕೊರೆದಿದ್ದ. ತಂತಿ ಒರಗುವ ಕುದುರೆಯ ಜಾಗದಲ್ಲಿ ದಪ್ಪನೆಯ ಬೋಲ್ಟು ಇಟ್ಟಿದ್ದ. ಹಿಂದೆ ಮಾರುಕಟ್ಟೆಗೆ ಬರುತ್ತಿದ್ದ ಲಾರಿ ಡ್ರೈವರೊಬ್ಬ ಇಂಥದೇ ಮೂರು ತಂತಿಯ ಗಿಟಾರು ಮಾಡಿಕೊಂಡು ತಿರುಗುತ್ತಿದ್ದುದನ್ನು ಅವನು ನೋಡಿದ್ದನಂತೆ.

"ಇದೇ ಪೆಟ್ಟಿಗೆ ಬೇಕಿತ್ತಾ ನಿನಗೆ? ಗಂಟಲು ತಿಂದಿದ್ದು ಸಾಲದಾ? ಮನೆಯೆಲ್ಲ ಗಬ್ಬು ನಾರ್ತಿದೆ."

ಅಣ್ಣ ಪೆಟ್ಟಿಗೆಯನ್ನು ಮೂಗಿನ ಹತ್ತಿರ ತಂದು ಹಿಡಿದು, ಕೈ ಅಲ್ಲಾಡಿಸಿದ. ಏನೂ ಇಲ್ಲ ಎಂದು. ಅವನ ಮಟ್ಟಿಗೆ ಅದು ನಿಜವೇ ಆಗಿತ್ತು. ಉಸಿರು ಮೂಗಿನಿಂದ ಹೋಗುವುದು ನಿಂತಮೇಲೆ ಅವನಿಗೆ ವಾಸನೆಯೂ ನಿಂತಿತ್ತು. ಆ ಮನೆಯ ನಾತವನ್ನೆಲ್ಲ ಈಗ ಅವಳೊಬ್ಬಳೇ ಅನುಭವಿಸಬೇಕಾಗಿತ್ತು.

ತಂತಿ ಮತ್ತು ಅದನ್ನು ಬಿಗಿಯುವ ಬಿರಡೆ ತರಲು ವಾದ್ಯದಂಗಡಿಗೆ ಅವಳೇ ಹೋದಳು. ಅಂಗಡಿಯವನು ಕುತೂಹಲದಿಂದ ತಾನೇ ಮನೆಗೆ ಬಂದ. ಗಡ್ಡ ನೀವಿಕೊಳ್ಳುತ್ತ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ತಂತಿ ಬಿಗಿದು, ಬಿರಡೆ ತಿರುವತೊಡಗಿದ.

"ನೋಡಿ ಯಜಮಾನರೇ, ದಪ್ಪ ತಂತಿಗೆ ಸ, ನಡುವಿನದಕ್ಕೆ ಪ, ಸಣ್ಣದಕ್ಕೆ ಮೇಲಿನ ಸ. ಮೂರು ತಂತಿಗೆ ಎಲ್ಲರೂ ಇಡೋ ಶ್ರುತಿ ಇದೇ. ಬೆರಳು ಅಡ್ಡ ಇಟ್ಟರೆ ಸಾಕು, ತಪ್ಪು ಸ್ವರ ಬರೋದೇ ಇಲ್ಲ."

ಅಣ್ಣ ತುಟಿ ಆಡಿಸಿ ಏನೋ ಹೇಳಹೊರಟ. ಅಂಗಡಿಯವನು, "ಆಮೇಲೆ ಆಮೇಲೆ, ಮೊದಲು ಕೈ ಕೂರಲಿ" ಎಂದು ಅವನ ಬೆರಳು ಹಿಡಿದು ತಂತಿಯ ಮೇಲಿಟ್ಟ. ತಂತಿ ಮೀಟಿದರೆ ತುಂಬಿದ ದನಿ ಬಂತು. ಬೀಗದ ಕೈಯವನು ಕೂಡ ಮೆಟ್ಟಿಲು ಹತ್ತಿ ಬಂದು ಕೇಳಿದ. ಅಂಗಡಿಯವನು ಹೋದಮೇಲೆ ಅಣ್ಣ ಒಂದಷ್ಟು ಹೊತ್ತು ಮೀಟಿ, ಕೆಮ್ಮಿನ ಔಷಧದ ಗಾಜಿನ ಬಾಟಲಿಯನ್ನು ತಂತಿಯ ಮೇಲೆ ಉದ್ದಕ್ಕೂ ಜಾರಿಸಿ ನೋಡಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಮಲಗಿದ.

ಮುಂದಿನ ರಜೆಯ ದಿನ ಮಾರುಕಟ್ಟೆಯ ತೂಕದವನು ಬಂದ. ಅಣ್ಣ ಕೂಗಿದ ಮಾಲನ್ನೆಲ್ಲ ತೂಗಿ ಕೊಡುತ್ತಿದ್ದ ಹಳೆಯ ಜೊತೆಗಾರ. ಅವನ ಜೇಬಿನಲ್ಲಿ ಯಾವಾಗಲೂ ಒಂದು ಮೌತ್ ಆರ್ಗನ್ ಇರುತ್ತಿತ್ತು. ಅದರ ತೂತುಗಳಲ್ಲಿ ಏನೇನು ಮನೆ ಮಾಡಿಕೊಂಡಿದೆಯೋ ಎಂದು ಚಿಕ್ಕಮ್ಮನಿಗೆ ಅದನ್ನು ಕಂಡಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಸ ಪ ಸ ಯಾಕಯ್ಯಾ ಮೈಕಣ್ಣ, ಸಾವಿನ ಮನೆಗೆ ಹೋಗ್ತೀಯಾ?" ಎಂದ ತೂಕದವನು. "ಸ ಗ ಪ ಇಟ್ಟು ನೋಡು. ನನ್ನದಕ್ಕೂ ಹೊಂದತ್ತೆ. ಸುಮ್ಮನೆ ಮೀಟಿದರೂ ಮನಸ್ಸು ಕುಣಿಯತ್ತೆ."

ತಾನೇ ಬಿರಡೆ ತಿರುವಿ ಇಳಿಸಿದ. ಎಂಜಲಿನ ಮೌತ್ ಆರ್ಗನ್ ಊದಿದ. ಅಣ್ಣ ಜೊತೆಗೆ ಮೀಟಿದ. ಚೆನ್ನಾಗಿಯೇ ಇತ್ತು. ತೂಕದವನು ಅವನ ಭುಜ ತಟ್ಟಿ, "ಇನ್ನು ನಿನಗೇನಯ್ಯಾ ಕೊರತೆ, ಹಾಡುಗಾರ ಆಗ್ಬಿಟ್ಟೆ" ಎಂದು ನಕ್ಕು ಹೊರಟುಹೋದ. ಅಣ್ಣ ನಗಲಿಲ್ಲ. ಅವನ ಮುಖದಲ್ಲಿ ಆ ಹೊತ್ತು ಮೂಡಿದ್ದು, ಚಿಕ್ಕಮ್ಮ ಪ್ರತಿದಿನ ಅಂಗಿಗಳ ಮೇಲೆ ಬೀರುತ್ತಿದ್ದ ಅದೇ ನೋಟ. ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಹೋಯಿತು. ಅಣ್ಣ ಮತ್ತೆ ಗೋಡೆಯತ್ತ ತಿರುಗಿದ.

ಯಾಕೆ ಎಂದು ಅವಳು ಕೇಳಬೇಕಿತ್ತು. ಕೇಳಲಿಲ್ಲ. ಅವಳಿಗೆ ಅನ್ನಿಸಿದ್ದೇ ಬೇರೆ. ಅಷ್ಟು ಕೊಳಕು ವಸ್ತುವನ್ನು ಯಾರಾದರೂ ಎಷ್ಟು ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಾರು? ಶುಚಿಯಾಗಿದ್ದರೆ ಮುಟ್ಟುತ್ತಾನೆ. ಶುಚಿ ಮಾಡುವುದು ತನಗೆ ಗೊತ್ತಿಲ್ಲದ ವಿದ್ಯೆಯೇ?

ಅಣ್ಣ ನಿದ್ದೆ ಹೋಗಿದ್ದಾಗ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಲಾಂಡ್ರಿಗೆ ಒಯ್ದಳು. ತಂತಿಗಳನ್ನು ಸಡಿಲಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಕೋಟು ಒಗೆಯುವಾಗ ಗುಂಡಿ ಕಿತ್ತಿಡುತ್ತೇವೆಯೇ? ಹಾಗೆಂದುಕೊಂಡಳು. ಒಳಗಿನ ಪುಡಿಯನ್ನು ಬ್ರಷ್ಷಿನಿಂದ ಕೆರೆದಳು. ಸೋಡಾ ನೀರಿನಲ್ಲಿ ಒರೆಸಿದಳು. ಹಳೆಯ ಕಂಬಳಿಯ ವಾಸನೆ ತೆಗೆಯುವ ಹಾಗೆ ಆವಿಯ ಕೊಳವೆಯನ್ನು ತೂತಿನೊಳಕ್ಕೆ ಹಿಡಿದಳು. ವಾಸನೆ ಹೋಗುವುದಿರಲಿ, ಅಡಗಿ ಕುಳಿತಿದ್ದದ್ದೆಲ್ಲ ಎದ್ದು ಹೊರಗೆ ಬಂತು. ಬಾಯ್ಲರಿನ ಕೋಣೆಯಿಂದ ಇಸ್ತ್ರಿಯ ಮೇಜಿನವರೆಗೂ ಚುರುಟಿನ ನಾತ ಹಬ್ಬಿತು.

ಇಸ್ತ್ರಿಯವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಿಬಂದಳು. "ಚಿಕ್ಕಮ್ಮಾ, ಏನು ಸುಡ್ತಿದ್ದೀರಿ? ವಕೀಲರ ಕೋಟುಗಳು ಈಗ ತಾನೇ ಸುಕ್ಕಿಲ್ಲದೆ ಬಂದಿದ್ವು. ಅವರು ಕೋರ್ಟಿಗೆ ಹೋದರೆ ನ್ಯಾಯಾಧೀಶರು ಎದ್ದು ಹೋಗ್ತಾರೆ."

"ಹೋಗ್ಲಿ. ನಾನು ಇದನ್ನ ದಿನಾ ಉಸಿರಾಡ್ತೀನಿ, ಎದ್ದು ಎಲ್ಲಿಗೆ ಹೋಗ್ಲಿ?"

ಒದ್ದೆಯಾದ ಪೆಟ್ಟಿಗೆಯನ್ನು ಅವಳು ಒಣಗಿಸುವ ಬಿಸಿ ಬೀರುವಿನಲ್ಲಿಟ್ಟಳು. ಹೊರಗೆ ತೆಗೆದಾಗ ಮುಚ್ಚಳ ಹಪ್ಪಳದಂತೆ ಎದ್ದು ನಿಂತಿತ್ತು. ಅಂಟು ಬಿಟ್ಟಿತ್ತು. ಬಿಗಿದ ತಂತಿಗಳು ಕತ್ತನ್ನು ಮುಂದಕ್ಕೆ ಎಳೆದು ಬಾಗಿಸಿದ್ದವು. ಉಣ್ಣೆಯ ಸ್ವೆಟರನ್ನು ಕುದಿನೀರಿಗೆ ಹಾಕುವ ಹೊಸಬರನ್ನು ಎಷ್ಟೋ ಬಾರಿ ಗದರಿದವಳು, ಮರಕ್ಕೂ ಅದೇ ಗತಿಯಾಗುತ್ತದೆಂದು ಯೋಚಿಸಿರಲಿಲ್ಲ. ತನ್ನ ಕೈಯನ್ನೇ ನೋಡಿಕೊಂಡು ಅವಳಿಗೆ ಹೇಸಿಕೆಯಾಯಿತು. ಸೋಡಾದಿಂದ ಸುಕ್ಕುಗಟ್ಟಿದ ಬೆರಳು, ಉಗುರಿನ ಸಂದಿಯಲ್ಲಿ ಚುರುಟಿನ ಕಂದು. ತೊಳೆದಳು. ಮತ್ತೆ ತೊಳೆದಳು. ಹೋಗಲಿಲ್ಲ.

ಮನೆಗೆ ಬಂದು ಚೀಲದಿಂದ ತೆಗೆದು ಅಣ್ಣನ ಮುಂದಿಟ್ಟಳು. "ತೊಳೆದೆ. ಹೀಗಾಯ್ತು" ಎಂದಳು.

ಅಣ್ಣ ಎದ್ದ ಮುಚ್ಚಳದ ಮೇಲೆ ಅಂಗೈ ಇಟ್ಟು ಒತ್ತಿದ. ಅದು ಮತ್ತೆ ಎದ್ದಿತು. ಇನ್ನೊಮ್ಮೆ ಒತ್ತಿದ. ಆಮೇಲೆ ತಂಗಿಯನ್ನು ನೋಡಿದ. ಅವನು ಸಿಟ್ಟಾಗಿದ್ದರೆ ಅವಳಿಗೆ ಹಾಯೆನಿಸುತ್ತಿತ್ತು. ಅವನ ಕಣ್ಣಲ್ಲಿ ಸಿಟ್ಟೇ ಇರಲಿಲ್ಲ. ಹೋಗಲಿ ಬಿಡು ಎಂಬಂತೆ ಕೈಬೀಸಿ ಮಲಗಿಕೊಂಡ. ಆ ಸಂಜೆ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ಕೊಳವೆ ತೆಗೆಯಲು ಕೊರಳು ಮುಂದೆ ಮಾಡಿದನೇ ಹೊರತು ಕಣ್ಣು ತೆರೆಯಲಿಲ್ಲ. ಚಿಕ್ಕಮ್ಮ ಬ್ರಷ್ಷು ಹಾಕಿ ಉಜ್ಜುತ್ತ, ಅಭ್ಯಾಸ ಬಲದಿಂದ "ಹೇಸಿಗೆ" ಎಂದಳು. ಆ ಮಾತು ಖಾಲಿ ಕೋಣೆಯಲ್ಲಿ ಆಡಿದ ಹಾಗೆ ಕೇಳಿಸಿತು. ಅವಳಿಗೆ ಭಯವಾಯಿತು.

ಪೆಟ್ಟಿಗೆಯನ್ನು ಮರಳಿ ಲಾಂಡ್ರಿಗೆ ತಂದಳು. ಈ ಬಾರಿ ಇಸ್ತ್ರಿಯವಳ ಸಹಾಯ ಕೇಳಿದಳು. ಇಬ್ಬರೂ ಸೇರಿ ತಂತಿ ಬಿಚ್ಚಿ, ಬಾಗಿದ ಕತ್ತನ್ನು ಹಿಂದಕ್ಕೆ ತಂದು, ಬಿಟ್ಟ ಸಂದಿಗೆಲ್ಲ ಮರದ ಅಂಟು ಹಚ್ಚಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಸಿ, ಪ್ಯಾಂಟುಗಳನ್ನು ಒತ್ತುವ ದೊಡ್ಡ ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟು ಮೆಲ್ಲಗೆ ಇಳಿಸಿದರು. ಪ್ರೆಸ್ಸು ತಣ್ಣಗಿತ್ತು. ಮರುದಿನ ರಜೆ.

"ಇದಕ್ಕೆ ಪ್ಯಾಂಟಿನ ಹಾಗೆ ಗೀರು ಹಾಕ್ಬೇಕಾ, ಬೇಡ್ವಾ?" ಎಂದಳು ಇಸ್ತ್ರಿಯವಳು.

"ಬಾಯಿ ಮುಚ್ಚು."

"ಇಷ್ಟು ಅಸಹ್ಯ ಪಡ್ತೀರಿ, ಮತ್ತೆ ಯಾಕೆ ಇಷ್ಟು ಒದ್ದಾಟ ಚಿಕ್ಕಮ್ಮ? ಎಸೆದುಬಿಡಿ ಅತ್ಲಾಗೆ."

"ಎಸೆಯೋ ಹಾಗಿದ್ದರೆ ಮೊದಲು ಅವನನ್ನ ಎಸೀತಿದ್ದೆ" ಎಂದಳು ಚಿಕ್ಕಮ್ಮ.

ರಜೆ ಮುಗಿದು ತೆಗೆದಾಗ ಮುಚ್ಚಳ ಹೆಚ್ಚೂ ಕಡಿಮೆ ಮಟ್ಟಸವಾಗಿತ್ತು. ಒಂದು ಮೂಲೆ ಮಾತ್ರ ಕೊನೆಗೂ ಮಾತು ಕೇಳಲಿಲ್ಲ. ವಾದ್ಯದಂಗಡಿಯವನು ಅದನ್ನು ಕಂಡು ಹಣೆ ಚಚ್ಚಿಕೊಂಡ. ಹೊಸ ತಂತಿ ಹಾಕಿದನೇ ಹೊರತು ಬಿಗಿಯಲು ಒಪ್ಪಲಿಲ್ಲ. "ಅಮ್ಮಾ, ಇದು ಇನ್ನು ಮೊದಲಿನಷ್ಟು ಬಿಗಿ ತಡೆಯಲ್ಲ. ಹಾಡಿನ ಶ್ರುತಿಗೆ ಏರಿಸಿದರೆ ಸೀಳತ್ತೆ. ತಂತಿ ಸಡಿಲ ಇಟ್ಕೊಂಡು ಗೋಡೆಗೆ ನೇತುಹಾಕಿ, ಚೆಂದಕ್ಕೆ" ಎಂದ.

ಚೆಂದಕ್ಕೆ ಎಂಬ ಮಾತು ಕೇಳಿ ಅವಳಿಗೆ ಅವನ ಗಡ್ಡ ಹಿಡಿದು ಎಳೆಯಬೇಕೆನ್ನಿಸಿತು.

ಮನೆಗೆ ಬಂದು ಮಂಚದ ಅಂಚಿನಲ್ಲಿ ಕುಳಿತಳು. ಅಣ್ಣನ ಹಾಸಿಗೆಯ ಮೇಲೆ ಅವಳು ಎಂದೂ ಕುಳಿತವಳಲ್ಲ. ಪೆಟ್ಟಿಗೆಯನ್ನು ಅವನ ಹೊಟ್ಟೆಯ ಮೇಲಿಟ್ಟು, "ನೋಡು, ಅವನು ಹೇಳಿದ್ದು ಬೇಡ, ತೂಕದವನು ಹೇಳಿದ್ದೂ ಬೇಡ. ನಿನಗೆ ಏನು ಬೇಕಿತ್ತು? ಯಾವ ಶ್ರುತಿ? ನಿಧಾನಕ್ಕೆ ಹೇಳು, ನಾನು ತುಟಿ ನೋಡ್ತೀನಿ" ಎಂದಳು.

ಅಣ್ಣ ಸಣ್ಣ ತಂತಿಯನ್ನು ಬೆರಳಲ್ಲಿ ಮುಟ್ಟಿ ತುಟಿ ಆಡಿಸಿದ. ಒಂದನೇ ಸಾರಿ. ನಡುವಿನ ತಂತಿ ಮುಟ್ಟಿದ. ಎರಡನೇ ಸಾರಿ. ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿದ. ಮೂರನೇ ಸಾರಿ.

ಚಿಕ್ಕಮ್ಮ ಮುಖ ಸಿಂಡರಿಸಿದಳು. "ಥೂ ನಿನ್ನ. ಅದಕ್ಕಾ ಇಷ್ಟೆಲ್ಲ?"

ಹಾಡು ಅವನಿಗೆ ಬೇಕೇ ಇರಲಿಲ್ಲ. ತಾನು ಕೂಗುತ್ತಿದ್ದ ಕೂಗು ಬೇಕಿತ್ತು. ಅದನ್ನು ಅಂಗಡಿಯವನಿಗೆ ಹೇಳಹೊರಟಾಗ ಅವನು ಕೇಳಲಿಲ್ಲ, ತೂಕದವನು ಬಿರಡೆಯನ್ನೇ ಕಸಿದುಕೊಂಡ, ತಂಗಿ ತೊಳೆಯಲು ಒಯ್ದಳು. ಆದರೆ ಈಗ ಒಂದು ತೊಡಕಿತ್ತು. ಆ ಕೂಗಿನ ಎತ್ತರ ಎಷ್ಟು, ಇಳಿತ ಎಷ್ಟು ಎಂಬುದು ಅಣ್ಣನ ತಲೆಯಲ್ಲಿತ್ತು; ಗುನುಗಿ ತೋರಿಸಲು ಗಂಟಲಿರಲಿಲ್ಲ. ಬಿರಡೆಯನ್ನು ಸುಮ್ಮನೆ ತಿರುವುತ್ತ ಹುಡುಕಿದರೆ ಪ್ರತಿ ಸಲವೂ ಹೌದೋ ಅಲ್ಲವೋ ಎಂದು ಅನುಮಾನ. ಅಣ್ಣ ಬೆರಳನ್ನು ತಂಗಿಯತ್ತ ಚಾಚಿದ. ತುಟಿ ಆಡಿಸಿದ. ನೀನು ಕೂಗು.

"ನಾನು ಕೂಗಲ್ಲ."

ಕೂಗು.

"ನನಗೆ ಆ ಕೂಗು ಕೇಳಿದರೇ ಮೈ ಉರಿಯತ್ತೆ. ಕೊಳೆತ ಟೊಮೇಟೊ, ಕಾಲಡಿಗೆ ಎಲೆಕೋಸಿನ ಕೊಚ್ಚೆ, ಅದರ ಮಧ್ಯ ನೀನು ಗಂಟಲು ಹರಕೊಂಡು. ನಿನಗೆ ಊಟ ತಂದುಕೊಡೋಕೆ ಬಂದಾಗಲೆಲ್ಲ ನನ್ನ ಚಪ್ಪಲಿ ಮೂರು ದಿನ ನಾರ್ತಿತ್ತು. ಅದನ್ನ ನಾನು ನನ್ನ ಬಾಯಲ್ಲಿ ಕೂಗ್ಬೇಕಾ?"

ಅಣ್ಣ ಪೆಟ್ಟಿಗೆಯನ್ನು ಹೊಟ್ಟೆಯಿಂದ ಕೆಳಗಿಳಿಸಿ ಗೋಡೆಯತ್ತ ತಿರುಗತೊಡಗಿದ.

"ಆಯ್ತು, ಇರು, ಇರು" ಎಂದಳು ಚಿಕ್ಕಮ್ಮ. ಎದ್ದು ಬಾಗಿಲು ಹಾಕಿ ಬಂದಳು. ಕಿಟಕಿಯನ್ನೂ ಮುಚ್ಚಿದಳು. ಆ ಮುಚ್ಚಿದ ಕೋಣೆಯಲ್ಲಿ ಚುರುಟು, ಅಂಟು, ಔಷಧ ಎಲ್ಲ ಸೇರಿ ಮೂಗಿಗೆ ಬಡಿಯಿತು. ನುಂಗಿಕೊಂಡು, ಗೋಡೆಯ ಕ್ಯಾಲೆಂಡರಿನತ್ತ ಮುಖ ಮಾಡಿ, "ಒಂದನೇ ಸಾರಿ" ಎಂದಳು.

ಅಣ್ಣ ತಲೆಯಲ್ಲಾಡಿಸಿದ. ಇನ್ನೂ ಮೇಲೆ.

"ಒಂದನೇ ಸಾರೀ."

ಅವನು ಬಿರಡೆ ತಿರುವಿ ತಂತಿ ಮೀಟಿ, ಅವಳ ದನಿಯ ಪಕ್ಕಕ್ಕೆ ಅದನ್ನು ತಂದು ನಿಲ್ಲಿಸಿ, ಅಲ್ಲಿಂದ ತನ್ನ ಗಂಡುದನಿಯ ಮಟ್ಟಕ್ಕೆ ಇಳಿಸಿದ. ತಂಗಿಯ ಕೂಗನ್ನು ಅಳತೆಗೋಲಾಗಿ ಹಿಡಿದು ಅವನು ತನ್ನದನ್ನು ಅಳೆಯುತ್ತಿದ್ದ. ಅಷ್ಟು ಕೆಳಗಿನ ಮಟ್ಟಕ್ಕೆ ತಂತಿ ಬಿಗಿಯಬೇಕಾದ್ದೂ ಕಡಿಮೆ. ವಕ್ರಮೂಲೆಯ ಮುಚ್ಚಳ ಒಮ್ಮೆ ಕಿರ್ ಎಂದು ಸುಮ್ಮನಾಯಿತು.

ಎರಡನೆಯದರಲ್ಲಿ ಜಗಳವಾಯಿತು. ಅವಳು ಎರಡನೇ ಸಾರಿಯನ್ನು ಒಂದನೆಯದಕ್ಕಿಂತ ತುಂಬ ತಗ್ಗಿಸಿ ಕೂಗಿದಳು. ಅಣ್ಣ ಒಪ್ಪಲಿಲ್ಲ. ಮತ್ತೆ ಕೂಗಿದಳು. ಒಪ್ಪಲಿಲ್ಲ. ಅವನ ತುಟಿ ಬಿರುಸಿನಿಂದ ಓಡುತ್ತಿತ್ತು. ಎರಡನೇದು ಕೂಗುವಾಗ ಆಟ ಇನ್ನೂ ಮುಗಿದಿಲ್ಲ ಅಂತ ಗಿರಾಕಿಗೆ ಅನ್ನಿಸಬೇಕು. ತುಂಬ ಇಳಿಸಿದರೆ ಅವನು ಮನೆಗೆ ಹೋಗ್ತಾನೆ. ಒಂದನೇದರ ಪಕ್ಕದಲ್ಲೇ, ಸ್ವಲ್ಪವೇ ಕೆಳಗೆ, ಚುಚ್ಚೋ ಹಾಗೆ.

"ಹೀಗಾ? ಎರಡನೇ ಸಾರಿ."

ಇನ್ನೂ ಚುಚ್ಚಬೇಕು.

"ಎರಡನೇ ಸಾರೀ," ಎಂದು ಅವಳು, ತಟ್ಟೆಯ ಕೊನೆಯ ತುಂಡಿನ ಮೇಲೆ ಬೆರಳು ಚಾಚಿದವನನ್ನು ನೆನೆದು, ಮೈಯೆಲ್ಲ ಜಿಗುಪ್ಸೆಯಿಂದ ಕೂಗಿದಳು. ಅಣ್ಣನ ಮುಖ ಅರಳಿತು. ಬಿರಡೆ ತಿರುವಿದ. ಸಣ್ಣ ತಂತಿಯನ್ನೂ ನಡುವಿನದನ್ನೂ ಕೂಡಿಸಿ ಮೀಟಿದಾಗ ಹಲ್ಲು ಜುಮ್ಮೆಂದು, ಕಿವಿಯೊಳಗೆ ಹುಳ ಹೊಕ್ಕಂತಾಯಿತು. ಚಿಕ್ಕಮ್ಮ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

ಮೂರನೆಯದನ್ನು ಅವಳು ಒಂದೇ ಬಾರಿಗೆ ಸರಿಯಾಗಿ ಕೂಗಿದಳು. ತುಂಬಿದ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಂತೆ ದಪ್ಪಗೆ, ಕೆಳಕ್ಕೆ, ಮುಂದೆ ಮಾತಿಲ್ಲದಂತೆ. ಎಷ್ಟು ವರ್ಷ ಆ ಕೂಗಿಗೆ ತಾನು ಸೋತಿದ್ದಳೋ ಅಷ್ಟೂ ಅದರಲ್ಲಿತ್ತು. ಅಣ್ಣ ದಪ್ಪ ತಂತಿಯನ್ನು ಸಡಿಲಿಸಿ ಸಡಿಲಿಸಿ, ಅದು ನಡುಗುವಷ್ಟು ಕೆಳಗಿಳಿಸಿ, ಬಾಟಲಿಯನ್ನು ಮೇಲಿನಿಂದ ಒಂದಿಷ್ಟು ಜಾರಿಸಿ ಮೀಟಿದ. ಕೆಳಗೆ ಬೀಗದ ಕೈಯವನ ಅರದ ಸದ್ದು ತಟ್ಟನೆ ನಿಂತಿತು.

ಸುದ್ದಿ ಕೇಳಿ ತೂಕದವನು ಓಡಿಬಂದ. ಮೌತ್ ಆರ್ಗನ್ ತೆಗೆದು ಹೊಂದಿಸಲು ನೋಡಿದ. ಎತ್ತ ಊದಿದರೂ ಹೊಂದಲಿಲ್ಲ. "ಇದೆಂಥ ಶ್ರುತಿ ಮಾರಾಯ? ಯಾವ ಹಾಡೂ ಇದಕ್ಕೆ ಕೂರಲ್ಲ. ಹಲ್ಲುನೋವು ಬಂದ ಹಾಗಿದೆ."

"ಇವನು ಯಾವತ್ತು ಹಾಡಿದ್ದ?" ಎಂದಳು ಚಿಕ್ಕಮ್ಮ ಒಳಗಿನಿಂದ. "ನಿಮ್ಮ ತೂಕ ಮುಗೀತಾ? ಆ ಎಂಜಲು ಡಬ್ಬಿ ಒಳಗಿಡಿ, ಊಟಕ್ಕೆ ಕೂರೋ ಹೊತ್ತು."

ತೂಕದವನು ಹೊರಡುವಾಗ ಅಣ್ಣ ದಪ್ಪ ತಂತಿಯನ್ನು ಮೀಟಿದ. ತೂಕದವನು ಬಾಗಿಲಲ್ಲಿ ನಿಂತುಬಿಟ್ಟ. ಅವನ ಕೈ, ತಕ್ಕಡಿಯ ಕೊಂಡಿ ಹಿಡಿಯಲು ಹೋದ ಹಾಗೆ, ತಾನಾಗಿಯೇ ಮೇಲಕ್ಕೆದ್ದಿತ್ತು. ಅದನ್ನು ಕೆಳಗಿಳಿಸಿ ಮೆಟ್ಟಿಲಿಳಿದುಹೋದ.

ಆ ಮನೆಯಲ್ಲಿ ಆಮೇಲೆ ಚಿಕ್ಕಮ್ಮನಿಗೆ ನೆಮ್ಮದಿ ಇರಲಿಲ್ಲ. ಊಟ ತಡವಾದರೆ ಸಣ್ಣ ತಂತಿ. ಸಾರಿಗೆ ಉಪ್ಪು ಕಡಿಮೆಯಾದರೆ ಸಣ್ಣದೂ ನಡುವಿನದೂ ಕೂಡಿ. ಅವಳು ಏನಾದರೂ ಬೇಡ ಎಂದರೆ ದಪ್ಪ ತಂತಿ, ಮಾತು ಮುಗಿಯಿತು ಎಂಬಂತೆ. ಕೊಳವೆ ತೊಳೆಯುವಾಗ ಅವಳು ಹೇಸಿಗೆ ಎಂದರೆ ಒಂದು ಕೈಯನ್ನು ಪೆಟ್ಟಿಗೆಯತ್ತ ಚಾಚಿ ಉತ್ತರ ಕೊಡುತ್ತಿದ್ದ. ಆ ದನಿ ಚೆನ್ನಾಗಿತ್ತೆಂದು ಯಾರೂ ಹೇಳುವಂತಿರಲಿಲ್ಲ. ಒರಟು, ಜಗಳಗಂಟಿ, ನಾಚಿಕೆಯಿಲ್ಲದ್ದು. ಅಕ್ಷರಶಃ ಅವನದೇ. ಪೆಟ್ಟಿಗೆಯ ನಾತವೂ ಹೋಗಿರಲಿಲ್ಲ; ಸೋಡಾ ಬೆರೆತು ಈಗ ಅದು ಹೊಸದೊಂದು ಬಗೆಯ ನಾತವಾಗಿತ್ತು.

ಒಂದು ಬೆಳಿಗ್ಗೆ ಲಾಂಡ್ರಿಗೆ ಹೊರಟವಳು, ಅಣ್ಣ ತಂತಿಯ ಮೇಲೆ ಜಾರಿಸುವ ಔಷಧದ ಬಾಟಲಿಯನ್ನು ಕಂಡು ನಿಂತಳು. ಅಂಟಿದ ಔಷಧದ ಸುತ್ತ ಇರುವೆ ಸಾಲುಗಟ್ಟಿತ್ತು.

"ಕೊಡು ಅದನ್ನ. ತೊಳೀತೀನಿ."

ಅಣ್ಣ ಬಾಟಲಿಯನ್ನು ದಿಂಬಿನಡಿಗೆ ತಳ್ಳಿದ. ತೊಳೆಯುವ ಮಾತೆತ್ತಿದರೆ ಅವನಿಗೆ ಈಗ ನಂಬಿಕೆಯಿರಲಿಲ್ಲ.

"ಗಾಜು ಕಣೋ ಅದು, ಆ ಮುಚ್ಚಳದ ಹಾಗೆ ಎದ್ದು ನಿಲ್ಲಲ್ಲ. ಕೊಡು ಅಂದೆ."

ಅಣ್ಣ ಸಣ್ಣ ತಂತಿ ಮೀಟಿದ.

"ಏನು ಒಂದನೇ ಸಾರಿ? ಇಲ್ಲಿ ಯಾರು ಬೆಲೆ ಕೇಳಿದ್ರು ನಿನ್ನನ್ನ? ಇರುವೆ ಕೊರಳಿನ ತೂತಿಗೆ ಹೋದರೆ ನಾನೇ ತೆಗೀಬೇಕು."

ನಡುವಿನ ತಂತಿ ಚುಚ್ಚಿತು.

ಮೂರನೆಯದಕ್ಕೆ ಅವನ ಹೆಬ್ಬೆರಳು ಹೋಗುವ ಮೊದಲೇ ಚಿಕ್ಕಮ್ಮ ಚೀಲ ಬಿಸಾಡಿ ಬಗ್ಗಿ, ದಪ್ಪ ತಂತಿಯ ಮೇಲೆ ಅಂಗೈಯನ್ನು ಅಡ್ಡಲಾಗಿ ಒತ್ತಿಬಿಟ್ಟಳು. ತಂತಿ ಜಿಡ್ಡುಜಿಡ್ಡಾಗಿತ್ತು. ಅವಳ ಮುಖ ಕಹಿ ಕುಡಿದಂತಾಯಿತು. ಕೈ ತೆಗೆಯಲಿಲ್ಲ. ಅಣ್ಣ ಎರಡು ಕೈಯಿಂದ ಅವಳ ಮಣಿಕಟ್ಟು ಹಿಡಿದು ಎಳೆಯತೊಡಗಿದ. ಲಾಂಡ್ರಿಯಲ್ಲಿ ಬಾಯ್ಲರು ಕಾಯಿಸುವ ಹೊತ್ತು ಮೀರುತ್ತಿತ್ತು. ಅಣ್ಣ ತಂಗಿಯರಿಬ್ಬರೂ ಬಿಡಲಿಲ್ಲ.